ಕ್ರೂಸ್ ಯಾನಕ್ಕೆ ನಮ್ಮದೇ ವೈನ್ ಒಯ್ಯಬಹುದೇ? ಎಷ್ಟು, ಹೇಗೆ, ಮತ್ತು ಯಾವಾಗ ಅದು ಯೋಗ್ಯ?

ತೀರಯಾನಿ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿನಲ್ಲಿ ನಾನು ಮತ್ತು ನನ್ನ ಪತ್ನಿ ಬಾರ್ಸಿಲೋನಾದಿಂದ ಹೊರಟು ಮಾರ್ಸೇ, ಲಿವೋರ್ನೋ, ಚಿವಿತಾವೆಕ್ಕಿಯಾ ಮತ್ತು ನೇಪಲ್ಸ್ ಬಂದರುಗಳನ್ನು ಮುಟ್ಟಿ ಹಿಂದಿರುಗುವ ಏಳು ರಾತ್ರಿಗಳ ಕ್ರೂಸ್ ಯಾನಕ್ಕೆ ಹೊರಟಿದ್ದೇವೆ. ನಾವು ಮದುವೆಯಾದದ್ದು 2000ನೇ ಇಸವಿಯಲ್ಲಿ. ಅದೇ ವರ್ಷದ ಫಸಲಿನಿಂದ ಮಾಡಿದ, ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನಿನ ಒಂದು ಬಾಟಲಿಯನ್ನು ಬಹಳ ಕಾಲದಿಂದ ಜೋಪಾನವಾಗಿ ಇರಿಸಿಕೊಂಡಿದ್ದೇವೆ. ಅದನ್ನು ಹಡಗಿನ ಊಟದ ಮೇಜಿನಲ್ಲೇ, ಸಮುದ್ರದ ನಡುವೆ ತೆರೆಯಬೇಕೆಂಬುದು ಇಬ್ಬರ ಆಸೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಹೊರಗಿನ ವೈನನ್ನು ಹಡಗಿನವರು ಒಳಗೆ ಬಿಡುತ್ತಾರೆಯೇ? ಬಿಟ್ಟರೆ ಎಷ್ಟು ಬಾಟಲಿ? ಊಟದ ಸಭಾಂಗಣದಲ್ಲಿ ತೆರೆಯಲು ಪ್ರತ್ಯೇಕ ಶುಲ್ಕ ಕೊಡಬೇಕೇ? ಬಾರ್ಸಿಲೋನಾಕ್ಕೆ ನಾವು ವಿಮಾನದಲ್ಲಿ ಹೋಗುವುದರಿಂದ, ಇಷ್ಟು ಹಳೆಯ ಬಾಟಲಿಯನ್ನು ಸಾಗಿಸುವಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನೂ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಲಂಗರು

ತೀರಯಾನಿ ಅವರೇ, ಮೊದಲಿಗೆ ಅಭಿನಂದನೆಗಳು. ನಿಮ್ಮ ಪ್ರಶ್ನೆಗೆ ಎಲ್ಲ ಹಡಗುಗಳಿಗೂ ಸಲ್ಲುವ ಒಂದೇ ಉತ್ತರ ಇಲ್ಲ, ಏಕೆಂದರೆ ಪ್ರತಿಯೊಂದು ಕಂಪನಿಯೂ ತನ್ನದೇ ನಿಯಮವನ್ನು ಇರಿಸಿಕೊಂಡಿದೆ. ಆದರೂ ಈ ನಿಯಮಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಲ್ಲಿ ನೋಡಬಹುದು.

ಅತ್ಯಂತ ಸಾಮಾನ್ಯವಾದದ್ದು ವಯಸ್ಕರೊಬ್ಬರಿಗೆ 750 ಮಿಲಿಲೀಟರಿನ ಒಂದು ಬಾಟಲಿ ಎಂಬ ನಿಯಮ. ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಈ ಗುಂಪಿಗೆ ಸೇರುತ್ತವೆ. ಬಾಟಲಿಯ ಮುದ್ರೆ ಒಡೆದಿರಬಾರದು, ಅದನ್ನು ಯಾನ ಆರಂಭವಾಗುವ ದಿನವೇ ತರಬೇಕು, ಮತ್ತು ಒಳಗಿರುವುದು ವೈನ್ ಅಥವಾ ಶಾಂಪೇನ್ ಆಗಿರಬೇಕು. ಬಿಯರ್, ವಿಸ್ಕಿ, ರಮ್‌ಗಳಿಗೆ ಈ ರಿಯಾಯಿತಿ ಇಲ್ಲ. ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕ ಕಂಪನಿಗಳು ಸ್ವಲ್ಪ ಉದಾರಿಗಳು. ಒಬ್ಬರಿಗೆ ಒಂದು ಬಾಟಲಿಯನ್ನು ಕ್ಯಾಬಿನ್ನಿನಲ್ಲಿ ಕುಡಿಯುವುದಾದರೆ ಶುಲ್ಕವಿಲ್ಲದೆ ಬಿಡುತ್ತವೆ, ಅದಕ್ಕಿಂತ ಹೆಚ್ಚು ತಂದರೆ ಪ್ರತಿ ಬಾಟಲಿಗೂ ಕಾರ್ಕೇಜ್ ಶುಲ್ಕ, ಅಂದರೆ ಹೊರಗಿನ ಬಾಟಲಿಯನ್ನು ಹಡಗಿನಲ್ಲಿ ಕುಡಿಯಲು ತೆರುವ ಶುಲ್ಕ, ಪಡೆದು ಒಳಗೆ ಕಳುಹಿಸುತ್ತವೆ.

ಎರಡನೆಯ ಬಗೆಯಲ್ಲಿ ನಾರ್ವೀಜಿಯನ್ ಕಂಪನಿ ಇದೆ. ಅಲ್ಲಿ ಬಾಟಲಿಗಳ ಸಂಖ್ಯೆಗೆ ಮಿತಿ ಇಲ್ಲ, ಆದರೆ ನೀವು ಅದನ್ನು ಕ್ಯಾಬಿನ್ನಿನಲ್ಲೇ ಕುಡಿದರೂ 750 ಮಿಲಿಲೀಟರಿನ ಬಾಟಲಿಯೊಂದಕ್ಕೆ 15 ಡಾಲರ್, ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿಗೆ 30 ಡಾಲರ್ ಹಡಗು ಹತ್ತುವಾಗಲೇ ತೆರಬೇಕು. ಮೂರನೆಯದು ಡಿಸ್ನಿಯ ಹಡಗುಗಳ ಕ್ರಮ. ವಯಸ್ಕರೊಬ್ಬರು ಎರಡು ಬಾಟಲಿ ವೈನನ್ನು ಯಾನದ ಮೊದಲ ದಿನ ಮಾತ್ರವಲ್ಲದೆ ಪ್ರತಿ ಬಂದರಿನಲ್ಲಿಯೂ ಕೈಚೀಲದಲ್ಲಿ ತರಬಹುದು. ವೈಕಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಿತಿಯನ್ನೂ ಶುಲ್ಕವನ್ನೂ ಎರಡನ್ನೂ ಕೈಬಿಟ್ಟಿದೆ. ಕೊನೆಯ ಬಗೆಗೆ ಎಂಎಸ್‌ಸಿ ಉದಾಹರಣೆ, ಅಲ್ಲಿ ಹೊರಗಿನ ಮದ್ಯಕ್ಕೆ ಅನುಮತಿ ಇಲ್ಲ.

ವಯಸ್ಸಿನ ವಿಷಯವನ್ನೂ ಸೇರಿಸಿಬಿಡುತ್ತೇನೆ. ಅಮೆರಿಕದಿಂದ ಹೊರಡುವ ಯಾನಗಳಲ್ಲಿ 21 ವರ್ಷ ತುಂಬಿರಬೇಕು, ಯುರೋಪಿನಿಂದ ಹೊರಡುವ ಹಲವು ಯಾನಗಳಲ್ಲಿ 18 ಸಾಕು. ಈ ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಆದ್ದರಿಂದ ಟಿಕೆಟಿನ ಜೊತೆ ಬರುವ ಒಪ್ಪಂದದಲ್ಲಿ ಮದ್ಯಕ್ಕೆ ಸಂಬಂಧಿಸಿದ ಭಾಗವನ್ನು ಹೊರಡುವ ಮುಂಚಿನ ವಾರ ಮತ್ತೊಮ್ಮೆ ಓದಿ, ಆ ಪುಟವನ್ನು ಮುದ್ರಿಸಿ ಜೊತೆಗೆ ಇಟ್ಟುಕೊಳ್ಳಿ. ತಪಾಸಣೆಯ ಜಾಗದಲ್ಲಿ ವಾದಿಸುವುದಕ್ಕಿಂತ ಆ ಒಂದು ಹಾಳೆ ತೋರಿಸುವುದು ಸುಲಭ.

ಲೆಕ್ಕದ ಪುಸ್ತಕ

ಲಂಗರು ಅವರು ನಿಯಮಗಳನ್ನು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಹಣದ ಕಡೆಯಿಂದ ಮಾತನಾಡುತ್ತೇನೆ, ಏಕೆಂದರೆ ವಿಶೇಷ ಸಂದರ್ಭ ಇರಲಿ ಇಲ್ಲದಿರಲಿ, ಅನುಮತಿ ಇರುವಷ್ಟು ವೈನನ್ನು ಪ್ರತಿಯೊಬ್ಬರೂ ಒಯ್ಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸ್ ವೈನ್ ಇರುತ್ತದೆ. ದಂಪತಿಗಳಿಬ್ಬರೂ ಒಂದೊಂದು ಬಾಟಲಿ ತಂದರೆ ಹತ್ತು ಗ್ಲಾಸ್ ಆಯಿತು. ಏಳು ರಾತ್ರಿ ಇಬ್ಬರೂ ಒಂದೊಂದು ಗ್ಲಾಸ್ ಕುಡಿಯುವವರಾದರೆ ಒಟ್ಟು ಬೇಕಾಗುವುದು ಹದಿನಾಲ್ಕು. ಅಂದರೆ ಮಿತವಾಗಿ ಕುಡಿಯುವ ದಂಪತಿಗಳ ಇಡೀ ವಾರದ ಅಗತ್ಯದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚನ್ನು ಈ ಎರಡು ಬಾಟಲಿಗಳೇ ಪೂರೈಸುತ್ತವೆ. ಹಡಗಿನ ಬಾರಿನಲ್ಲಿ ಕೊಂಡ ಪ್ರತಿ ಗ್ಲಾಸಿನ ಬೆಲೆಯ ಮೇಲೆ ಅಮೆರಿಕದ ಬಹುತೇಕ ಕಂಪನಿಗಳು 18ರಿಂದ 20 ಪ್ರತಿಶತ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸುತ್ತವೆ ಎಂಬುದನ್ನು ಮರೆಯಬೇಡಿ. ಪಟ್ಟಿಯಲ್ಲಿ ಕಾಣುವ ಬೆಲೆಯೊಂದು, ಕೊನೆಯ ದಿನ ಬಾಗಿಲ ಕೆಳಗೆ ಬರುವ ಬಿಲ್ಲಿನ ಮೊತ್ತವೊಂದು.

ಶುಲ್ಕವಿರುವ ಕಡೆ ಲೆಕ್ಕ ಸರಳವಾಗಿದೆ. ನೀವು ದಡದಲ್ಲಿ ಕೊಟ್ಟ ಬೆಲೆಗೆ ಕಾರ್ಕೇಜ್ ಶುಲ್ಕವನ್ನು ಕೂಡಿಸಿ. ಅದೇ ಗುಣಮಟ್ಟದ ಬಾಟಲಿಗೆ ಹಡಗಿನಲ್ಲಿ ಸೇವಾ ಶುಲ್ಕವೂ ಸೇರಿ ಎಷ್ಟಾಗುತ್ತದೆ ಎಂದು ನೋಡಿ. ಮೊದಲನೆಯದು ಕಡಿಮೆಯಾದರೆ ಒಯ್ಯಿರಿ. ಅಗ್ಗದ ವೈನಿಗೆ ಶುಲ್ಕ ಕೊಟ್ಟು ಒಯ್ಯುವುದರಲ್ಲಿ ಹೆಚ್ಚಿನ ಲಾಭ ಇರುವುದಿಲ್ಲ. ಬಾಟಲಿ ದುಬಾರಿಯಾದಷ್ಟೂ, ಶುಲ್ಕ ಎಲ್ಲದಕ್ಕೂ ಒಂದೇ ಆಗಿರುವುದರಿಂದ, ಉಳಿತಾಯ ಹೆಚ್ಚುತ್ತದೆ.

ದ್ರಾಕ್ಷಿಬಳ್ಳಿ

ಕೆಲವು ಕಾಲ ಕ್ರೂಸ್ ಹಡಗಿನ ಊಟದ ಸಭಾಂಗಣದಲ್ಲಿ ವೈನ್ ಬಡಿಸುವ ಕೆಲಸ ಮಾಡಿದ್ದೇನೆ. ಲೆಕ್ಕದ ಪುಸ್ತಕ ಅವರ ಗಣಿತ ಸರಿಯಾಗಿದೆ, ಆದರೆ ಅವರ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ತೆರೆದ ಬಾಟಲಿಯ ವೈನ್ ಗಾಳಿ ತಾಗಿ ಎರಡು ಮೂರು ದಿನಗಳಲ್ಲಿ ತನ್ನ ಸೊಗಸನ್ನು ಕಳೆದುಕೊಳ್ಳುತ್ತದೆ. ದಿನಕ್ಕೊಂದು ಗ್ಲಾಸಿನಂತೆ ವಾರವಿಡೀ ಎಳೆಯುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ನಾಲ್ಕನೆಯ ದಿನದ ಗ್ಲಾಸಿನಲ್ಲಿ ಅಲ್ಲ. ದಿನನಿತ್ಯದ ವೈನನ್ನು ಹಡಗಿನಲ್ಲೇ ಗ್ಲಾಸಿನ ಲೆಕ್ಕದಲ್ಲಿ ಕೊಳ್ಳಬಹುದು. ಮನೆಯಿಂದ ಹೊತ್ತು ತರುವ ಶ್ರಮ, ತಪಾಸಣೆ, ಒಡೆಯುವ ಭಯ ಇವೆಲ್ಲವನ್ನೂ ಹಡಗಿನ ಪಟ್ಟಿಯಲ್ಲಿ ಎಲ್ಲಿಯೂ ಸಿಗದ, ನಿಮಗೆ ಮುಖ್ಯವಾದ ಬಾಟಲಿಗಾಗಿ ಮೀಸಲಿಡಿ. ತೀರಯಾನಿ ಅವರ ಬಾಟಲಿ ಅಂಥದು.

ಈಗ ಆ ಬಾಟಲಿಯ ವಿಷಯ. 2000ನೇ ಇಸವಿ ಬೋರ್ಡೋ ಪ್ರದೇಶಕ್ಕೆ ಬಹಳ ಒಳ್ಳೆಯ ವರ್ಷವೆಂದು ಹೆಸರಾದದ್ದು. ಇಷ್ಟು ವಯಸ್ಸಾದ ಕೆಂಪು ವೈನಿನಲ್ಲಿ ಬಣ್ಣದ ಅಂಶ ಮತ್ತು ಒಗರು ಕೊಡುವ ಟ್ಯಾನಿನ್ ಒಟ್ಟುಗೂಡಿ ಗಷ್ಟಾಗಿ ತಳಕ್ಕೆ ಇಳಿದಿರುತ್ತವೆ. ಅದು ದೋಷವಲ್ಲ. ಆದರೆ ಬಾಟಲಿಯನ್ನು ಅಲುಗಾಡಿಸಿದಾಗ ಗಷ್ಟು ಎದ್ದು ವೈನಿನಲ್ಲಿ ಬೆರೆತು, ಬಾಯಿಗೆ ಮರಳಿನಂತೆ ಸಿಕ್ಕಿ, ಸ್ವಲ್ಪ ಕಹಿ ಮಾಡುತ್ತದೆ. ವಿಮಾನ, ಟ್ಯಾಕ್ಸಿ, ಹಡಗಿನ ಮೆಟ್ಟಿಲು ಇವೆಲ್ಲ ಕಳೆದ ಮೇಲೆ ಮೊದಲ ರಾತ್ರಿಯೇ ಅದನ್ನು ತೆರೆಯಬೇಡಿ. ಕ್ಯಾಬಿನ್ ಸೇರಿದ ಕೂಡಲೇ ಬಾಟಲಿಯನ್ನು ಬಟ್ಟೆಯ ಕಪಾಟಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಸುತ್ತಿದ ಬಟ್ಟೆಯೋ ಬೂಟುಗಳೋ ಒತ್ತಾಗಿ ಇರಲಿ, ಹಡಗು ಓಲಾಡಿದರೂ ಬೀಳಬಾರದು. ಕನಿಷ್ಠ ಎರಡು ದಿನ ಅದನ್ನು ಮುಟ್ಟಬೇಡಿ. ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿಡಬೇಕೆಂಬ ನಿಯಮ ದೀರ್ಘಕಾಲದ ಸಂಗ್ರಹಕ್ಕೆ ಸಂಬಂಧಿಸಿದ್ದು, ಎರಡು ಮೂರು ದಿನ ನಿಲ್ಲಿಸಿದರೆ ಕಾರ್ಕ್ ಒಣಗುವುದಿಲ್ಲ.

ನಾಲ್ಕನೆಯ ರಾತ್ರಿ ಸೂಕ್ತ ಎನ್ನುವುದು ನನ್ನ ಸಲಹೆ. ಆ ದಿನ ಬೆಳಿಗ್ಗೆಯೇ ಊಟದ ಸಭಾಂಗಣದ ಮುಖ್ಯಸ್ಥರನ್ನು ಅಥವಾ ಸೊಮೆಲಿಯೆಯನ್ನು, ಅಂದರೆ ವೈನ್ ಬಡಿಸುವ ಪರಿಣತರನ್ನು, ಕಂಡು, ಹಳೆಯ ಬೋರ್ಡೋ ಇದೆ, ಗಷ್ಟನ್ನು ಬಿಟ್ಟು ವೈನನ್ನು ಸುರಿದುಕೊಳ್ಳುವ ಗಾಜಿನ ಹೂಜಿ (ಡಿಕ್ಯಾಂಟರ್) ಬೇಕಾಗುತ್ತದೆ, ಕಾರ್ಕ್ ಬಹಳ ಹಳೆಯದು ಎಂಬ ಮೂರು ಮಾತು ಹೇಳಿ. ಸಂಜೆ ಏಳು ಗಂಟೆಗೆ ನೂರಾರು ಜನ ಒಟ್ಟಿಗೆ ಕುಳಿತಾಗ ಬಡಿಸುವವನ ಬಳಿ ಒಂದು ಮೇಜಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಸಮಯ ಇರುವುದಿಲ್ಲ. ಮುಂಚೆಯೇ ತಿಳಿದಿದ್ದರೆ ಅವನು ನಿಮಗಾಗಿ ಸಮಯ ಎತ್ತಿಟ್ಟುಕೊಳ್ಳುತ್ತಾನೆ.

ಇಪ್ಪತ್ತು ವರ್ಷ ದಾಟಿದ ಕಾರ್ಕ್ ಸಾಮಾನ್ಯ ಸುರುಳಿಯ ಕಾರ್ಕ್‌ಸ್ಕ್ರೂಗೆ ಸಿಕ್ಕರೆ ನಡುವೆಯೇ ತುಂಡಾಗುವುದುಂಟು. ಎರಡು ತೆಳುವಾದ ತಗಡಿನ ಅಲಗುಗಳಿರುವ ಕಾರ್ಕ್ ಎತ್ತುವ ಸಾಧನವೊಂದಿದೆ, ಅದರ ಹೆಸರು ಆಸೋ. ಅಲಗುಗಳನ್ನು ಕಾರ್ಕಿಗೂ ಗಾಜಿಗೂ ನಡುವೆ ನಿಧಾನವಾಗಿ ಆ ಕಡೆ ಈ ಕಡೆ ಜರುಗಿಸುತ್ತಾ ಇಳಿಸಿ, ತಿರುಗಿಸುತ್ತಾ ಎತ್ತಿದರೆ ಕಾರ್ಕ್ ಇಡಿಯಾಗಿ ಬರುತ್ತದೆ. ಎಲ್ಲ ಹಡಗುಗಳಲ್ಲಿ ಇದು ಇರುವುದಿಲ್ಲ, ನೀವೇ ಒಂದನ್ನು ಒಯ್ಯಿರಿ. ಡಿಕ್ಯಾಂಟರಿಗೆ ಸುರಿಯುವಾಗ ಬಾಟಲಿಯ ಕುತ್ತಿಗೆಯ ಕೆಳಗೆ ಸಣ್ಣ ಬೆಳಕು ಇರಬೇಕು. ವೈನ್ ಮೊದಲು ತಿಳಿಯಾದ ಇಟ್ಟಿಗೆಯ ಕೆಂಪಿನಲ್ಲಿ ಹರಿಯುತ್ತದೆ, ಕೊನೆಗೆ ಬಾಟಲಿಯ ಭುಜದಿಂದ ಹೊಗೆಯ ಎಳೆಯಂಥ ಕಪ್ಪು ಗೆರೆಯೊಂದು ಕುತ್ತಿಗೆಯ ಕಡೆ ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಉಳಿದ ಒಂದೆರಡು ಗುಟುಕನ್ನು ಬಿಟ್ಟುಬಿಡಿ. ಇಷ್ಟು ಹಳೆಯ ವೈನನ್ನು ಗಂಟೆಗಟ್ಟಲೆ ಗಾಳಿಗೆ ಬಿಡಬಾರದು, ಸುರಿದ ಅರ್ಧ ಗಂಟೆಯೊಳಗೆ ಗ್ಲಾಸಿಗೆ ಬರಲಿ, 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಲಿ.

ಕಾರ್ಕೇಜ್ ಶುಲ್ಕವನ್ನು ಅನೇಕರು ದಂಡವೆಂಬಂತೆ ಕಾಣುತ್ತಾರೆ. ಗ್ಲಾಸು, ಡಿಕ್ಯಾಂಟರ್, ತೆರೆಯುವವನ ಕೈಕುಶಲ, ಉಳಿದ ವೈನಿಗೆ ಕ್ಯಾಬಿನ್ ಸಂಖ್ಯೆ ಬರೆದು ಎತ್ತಿಟ್ಟು ಮರುರಾತ್ರಿ ಅದೇ ಮೇಜಿಗೆ ತಂದುಕೊಡುವ ವ್ಯವಸ್ಥೆ, ಇವಕ್ಕೆಲ್ಲ ಸೇರಿ ಕೊಡುವ ಹಣ ಅದು. ನಿಮ್ಮಂಥ ಬಾಟಲಿಗೆ ಅದು ಖಂಡಿತ ಸಲ್ಲುತ್ತದೆ.

ಉಪ್ಪುಗಾಳಿ

ಒಂದು ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತೇನೆ. ನಾವು ಆರು ಮಂದಿ ಸ್ನೇಹಿತರು ಒಟ್ಟಿಗೆ ಹೊರಟಿದ್ದೇವೆ, ಒಬ್ಬರಿಗೆ ಒಂದೇ ಬಾಟಲಿ ಎಂಬುದು ನಮಗೆ ಸಾಲದು. ಹೆಚ್ಚಿನ ಬಾಟಲಿಗಳನ್ನು ದೊಡ್ಡ ಸೂಟ್‌ಕೇಸಿನೊಳಗೆ ಬಟ್ಟೆಗಳ ನಡುವೆ ಇಟ್ಟು ಬಂದರಿನ ಹಮಾಲಿಗಳಿಗೆ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲವೆಂದು ಒಬ್ಬರು ಹೇಳಿದರು. ಮಡಚಬಹುದಾದ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಒಯ್ಯುವವರೂ ಇದ್ದಾರಂತೆ. ಇದು ನಿಜವಾಗಿ ನಡೆಯುತ್ತದೆಯೇ?

ಲಂಗರು

ನಡೆಯುವ ಪ್ರಯತ್ನಗಳು ಸಾಕಷ್ಟಿವೆ, ಉಪ್ಪುಗಾಳಿ ಅವರೇ, ಆದರೆ ದಯವಿಟ್ಟು ಆ ದಾರಿ ಹಿಡಿಯಬೇಡಿ. ಹಡಗು ಹತ್ತುವ ಪ್ರತಿಯೊಂದು ಸೂಟ್‌ಕೇಸೂ ಎಕ್ಸ್-ರೇ ಯಂತ್ರದ ಮೂಲಕ ಹೋಗುತ್ತದೆ. ಬಾಟಲಿಯ ಆಕಾರ ಪರದೆಯ ಮೇಲೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ, ದ್ರವ ತುಂಬಿದ ಚೀಲವೂ ಕಾಣುತ್ತದೆ. ಅಂಥ ಸೂಟ್‌ಕೇಸನ್ನು ನಿಮ್ಮ ಕ್ಯಾಬಿನ್ನಿಗೆ ತಲುಪಿಸುವುದಿಲ್ಲ. ಒಂದು ಕೋಣೆಯಲ್ಲಿ ತಡೆದಿಟ್ಟು ನಿಮ್ಮನ್ನು ಕರೆಸುತ್ತಾರೆ, ಅಲ್ಲಿ ನಿಮ್ಮೆದುರೇ ತೆರೆಸುತ್ತಾರೆ. ಮೊದಲ ರಾತ್ರಿಯ ಊಟಕ್ಕೆ ಹಾಕಿಕೊಳ್ಳಬೇಕಾದ ಬಟ್ಟೆ ಅದರೊಳಗೇ ಉಳಿದು, ಇತರರು ಡೆಕ್ಕಿನ ಮೇಲೆ ಬಂದರಿಗೆ ಕೈಬೀಸುತ್ತಿರುವಾಗ ನೀವು ಸಾಲಿನಲ್ಲಿ ನಿಂತಿರುತ್ತೀರಿ. ಹಿಡಿದ ಬಾಟಲಿಯನ್ನು ಕೆಲವು ಕಂಪನಿಗಳು ಯಾನದ ಕೊನೆಯಲ್ಲಿ ಹಿಂದಿರುಗಿಸುತ್ತವೆ, ಕೆಲವು ಅಲ್ಲಿಯೇ ಸುರಿದುಬಿಡುತ್ತವೆ.

ಈ ಕಳ್ಳದಾರಿಯಿಂದ ಪ್ರಾಮಾಣಿಕರಿಗೂ ತೊಂದರೆಯಾಗಿದೆ. 2015ರಲ್ಲಿ ಕಾರ್ನಿವಲ್ ಕಂಪನಿ ಪ್ರಯಾಣಿಕರು ಬಾಟಲಿಗಳಲ್ಲಿ ನೀರನ್ನೂ ತಂಪು ಪಾನೀಯವನ್ನೂ ತರುವುದನ್ನು ನಿಲ್ಲಿಸಿತು. ಅಂಥ ಬಾಟಲಿಗಳಲ್ಲಿ ಮದ್ಯ ತುಂಬಿ ಮತ್ತೆ ಮುಚ್ಚಳ ಹಾಕಿ ತರುವವರು ಹೆಚ್ಚಿದ್ದು, ಪ್ರತಿಯೊಂದನ್ನೂ ಪರೀಕ್ಷಿಸಲು ಸಮಯ ವ್ಯರ್ಥವಾಗುತ್ತಿದ್ದುದೇ ಅದಕ್ಕೆ ಕಾರಣ. ಮಗುವಿಗೆಂದು ನೀರಿನ ಬಾಟಲಿ ತರುತ್ತಿದ್ದ ತಾಯಂದಿರೂ ಆ ನಿಯಮಕ್ಕೆ ಸಿಕ್ಕಿಕೊಂಡರು. ವೈನಿಗೆ ಉಳಿದಿರುವ ಈ ಒಂದು ಬಾಟಲಿಯ ರಿಯಾಯಿತಿಯೂ ಹಾಗೆ ಹೋಗಬಾರದೆಂದಿದ್ದರೆ ನಾವೇ ಅದನ್ನು ಕಾಪಾಡಿಕೊಳ್ಳಬೇಕು.

ನಿಮ್ಮ ಗುಂಪಿಗೆ ನೇರವಾದ ದಾರಿಯೇ ಇದೆ. ಆರು ಮಂದಿಗೆ ಆರು ಬಾಟಲಿ ಎಂದರೆ ಮೂವತ್ತು ಗ್ಲಾಸ್. ಅದೂ ಸಾಲದಿದ್ದರೆ ಮಿತಿ ಇಲ್ಲದ ಅಥವಾ ಹೆಚ್ಚುವರಿ ಬಾಟಲಿಗೆ ಶುಲ್ಕ ಪಡೆಯುವ ಕಂಪನಿಯನ್ನೇ ಆರಿಸಿಕೊಳ್ಳಿ. ಎಲ್ಲ ಬಾಟಲಿಗಳೂ ಕೈಚೀಲದಲ್ಲಿ, ಮೇಲುಗಡೆ ಕಾಣುವಂತೆ ಇರಲಿ. ಯಂತ್ರದ ಬಳಿ ಬಂದಾಗ ನೀವೇ ಮೊದಲು ತಿಳಿಸಿ.

ಲೆಕ್ಕದ ಪುಸ್ತಕ

ಅಡಗಿಸಿ ಒಯ್ಯುವುದನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ಕಂಪನಿಗಳು ಸುರಕ್ಷತೆಯ ಹೆಸರು ಹೇಳಿ ಮಿತಿ ಹೇರುವುದನ್ನು ಪ್ರಶ್ನಿಸದೆ ಇರಲಾರೆ. ಕಾರ್ನಿವಲ್ ಕಾರ್ಪೊರೇಷನ್ 2023ರಲ್ಲಿ ಗಳಿಸಿದ ಸುಮಾರು 2,160 ಕೋಟಿ ಡಾಲರ್ ಆದಾಯದಲ್ಲಿ ಸುಮಾರು 750 ಕೋಟಿ ಟಿಕೆಟ್ ಮಾರಾಟದಿಂದ ಬಂದದ್ದಲ್ಲ, ಮುಖ್ಯವಾಗಿ ಹಡಗಿನೊಳಗೆ ಪ್ರಯಾಣಿಕರು ಮಾಡಿದ ಖರ್ಚಿನಿಂದ ಬಂದದ್ದು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಬಾರು, ಜೂಜಿನ ಕೋಣೆ, ಸ್ಪಾ, ದಡದ ಪ್ರವಾಸ ಇವೆಲ್ಲ ಅದರಲ್ಲಿ ಸೇರಿವೆ. ಹೊರಗಿನ ವೈನಿಗೆ ಹಾಕಿರುವ ಮಿತಿಯ ಬೇರು ಅಲ್ಲಿಯೇ ಇದೆ.

ದ್ರಾಕ್ಷಿಬಳ್ಳಿ

ನೀವು ಹೇಳುವುದು ನಿಜ, ಮತ್ತು ಅದೇ ಹಣದಿಂದ ಟಿಕೆಟಿನ ಬೆಲೆ ಕಡಿಮೆಯಾಗಿರುವುದೂ ನಿಜ. ಕುಡಿಯದವರೂ ಮಿತವಾಗಿ ಕುಡಿಯುವವರೂ ಆ ಕಡಿಮೆ ಬೆಲೆಯ ಲಾಭ ಪಡೆಯುತ್ತಾರೆ. ಆದರೆ ಸುರಕ್ಷತೆಯ ಮಾತನ್ನು ಬರೀ ನೆಪವೆಂದು ತಳ್ಳಿಹಾಕಬೇಡಿ. ಬಾರಿನಲ್ಲಿ ಕುಡಿಯುವವನು ಎಷ್ಟು ಕುಡಿದನೆಂದು ಸಿಬ್ಬಂದಿಗೆ ಗೊತ್ತಿರುತ್ತದೆ, ಅತಿಯಾದಾಗ ಕೊಡುವುದನ್ನು ನಿಲ್ಲಿಸುತ್ತಾರೆ. ಮುಚ್ಚಿದ ಕ್ಯಾಬಿನ್ನಿನ ಬಾಲ್ಕನಿಯಲ್ಲಿ ಯಾರು ಎಷ್ಟು ಕುಡಿದರೆಂದು ಯಾರಿಗೂ ತಿಳಿಯದು, ಸುತ್ತಲೂ ಸಮುದ್ರವಿದೆ. ವೈನಿಗೆ ರಿಯಾಯಿತಿ ಕೊಟ್ಟು ವಿಸ್ಕಿಗೆ ಕೊಡದೆ ಇರುವುದರ ಹಿಂದೆ ಈ ಯೋಚನೆಯೂ ಇದೆ.

ಬಾಲ್ಕನಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಬಾಟಲಿಯನ್ನಾಗಲಿ, ಕಾರ್ಕನ್ನಾಗಲಿ, ಮುದ್ರೆಯ ತಗಡನ್ನಾಗಲಿ ಸಮುದ್ರಕ್ಕೆ ಎಸೆಯಬೇಡಿ. ಹಡಗುಗಳ ಕಸಕ್ಕೆ ಸಂಬಂಧಿಸಿದ ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧ ಗಾಜನ್ನೂ ಪ್ಲಾಸ್ಟಿಕ್ಕನ್ನೂ ಸಮುದ್ರಕ್ಕೆ ಹಾಕುವುದನ್ನು ನಿಷೇಧಿಸಿದೆ. ಖಾಲಿ ಬಾಟಲಿಯನ್ನು ಕ್ಯಾಬಿನ್ ನೋಡಿಕೊಳ್ಳುವವರಿಗೆ ಕೊಡಿ.

ನೀಲಿ ನಕ್ಷೆ

ವಿಮಾನದ ಭಾಗಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ತೀರಯಾನಿ ಅವರು ಗಮನಿಸಬೇಕಾದ ಮುಖ್ಯ ಸಂಗತಿ ಏನೆಂದರೆ ವಿಮಾನದ ನಿಯಮವೂ ಹಡಗಿನ ನಿಯಮವೂ ಒಂದಕ್ಕೊಂದು ತದ್ವಿರುದ್ಧ. ವಿಮಾನದಲ್ಲಿ ಕೈಚೀಲದೊಳಗೆ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಬಾಟಲಿಗೆ ಸಾಮಾನ್ಯವಾಗಿ ಅವಕಾಶ ಇಲ್ಲದ ಕಾರಣ ವೈನ್ ಚೆಕ್-ಇನ್ ಸೂಟ್‌ಕೇಸಿನಲ್ಲೇ ಹೋಗಬೇಕು. ಹಡಗಿನಲ್ಲಾದರೋ ಅದು ಕೈಚೀಲದಲ್ಲೇ ಬರಬೇಕು. ಆದ್ದರಿಂದ ಬಾರ್ಸಿಲೋನಾದಲ್ಲಿ ಇಳಿದ ಮೇಲೆ, ಬಂದರಿನಲ್ಲಿ ಸೂಟ್‌ಕೇಸನ್ನು ಹಮಾಲಿಗೆ ಒಪ್ಪಿಸುವ ಮುಂಚೆ, ಬಾಟಲಿಯನ್ನು ಹೊರತೆಗೆದು ಕೈಚೀಲಕ್ಕೆ ಹಾಕಿಕೊಳ್ಳಲು ಮರೆಯಬೇಡಿ. ಸಾಧ್ಯವಾದರೆ ಒಂದು ದಿನ ಮುಂಚಿತವಾಗಿ ಹೋಗಿ ಹೋಟೆಲಿನಲ್ಲಿ ನಿಧಾನವಾಗಿ ಈ ಬದಲಾವಣೆ ಮಾಡಿಕೊಳ್ಳಿ.

ಮದ್ಯಾಂಶ 24 ಪ್ರತಿಶತಕ್ಕಿಂತ ಹೆಚ್ಚು, 70 ಪ್ರತಿಶತದವರೆಗೆ ಇರುವ ಪಾನೀಯಕ್ಕೆ ವಿಮಾನದಲ್ಲಿ ಒಬ್ಬರಿಗೆ ಐದು ಲೀಟರಿನ ಮಿತಿ ಇದೆ. ಸಾಮಾನ್ಯ ವೈನ್ 12ರಿಂದ 15 ಪ್ರತಿಶತದೊಳಗೆ ಇರುವುದರಿಂದ ಆ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ, ಸೂಟ್‌ಕೇಸಿನ ತೂಕವಷ್ಟೇ ಅಡ್ಡಿ. ತುಂಬಿದ ಒಂದು ಬಾಟಲಿ ಸುಮಾರು 1.2ರಿಂದ 1.5 ಕಿಲೋಗ್ರಾಂ ತೂಗುತ್ತದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ, 17 ವರ್ಷ ತುಂಬಿದ ಪ್ರಯಾಣಿಕರು ತಲಾ ನಾಲ್ಕು ಲೀಟರ್ ವೈನನ್ನು ಸುಂಕವಿಲ್ಲದೆ ತರಬಹುದು, ಹಾಗಾಗಿ ಸ್ಪೇನಿನಲ್ಲಿ ನಿಮಗೆ ತೊಂದರೆಯಾಗದು.

ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಮುದ್ರೆ ಹಾಕಿದ ಪಾರದರ್ಶಕ ಚೀಲದಲ್ಲಿ ಕೊಡುತ್ತಾರೆ. ದಾರಿಯಲ್ಲಿ ವಿಮಾನ ಬದಲಿಸುವವರು ಕೊನೆಯ ನಿಲ್ದಾಣ ತಲುಪುವವರೆಗೆ ಆ ಚೀಲವನ್ನು ತೆರೆಯಬಾರದು, ತೆರೆದರೆ ಮುಂದಿನ ತಪಾಸಣೆಯಲ್ಲಿ ಅದನ್ನು ಬಿಟ್ಟುಹೋಗಬೇಕಾಗುತ್ತದೆ.

ಒತ್ತಡದ ಬಗ್ಗೆ ಬಹಳ ಜನಕ್ಕೆ ಭಯವಿದೆ. ಪ್ರಯಾಣಿಕರ ವಿಮಾನದ ಸಾಮಾನು ಕೋಣೆಯಲ್ಲಿಯೂ ಮೇಲಿನ ಕ್ಯಾಬಿನ್ನಿನಷ್ಟೇ ಗಾಳಿಯ ಒತ್ತಡ ಇರುತ್ತದೆ, ಅಂದರೆ ಹೆಚ್ಚೆಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು. ಶಾಂಪೇನ್ ಬಾಟಲಿಯೊಳಗೆ ಮೊದಲೇ ಐದಾರು ವಾತಾವರಣದಷ್ಟು ಒತ್ತಡವಿದ್ದು, ಗಾಜು ಅದನ್ನು ತಡೆಯುವಷ್ಟು ದಪ್ಪವಾಗಿರುವುದರಿಂದ ಹಾರಾಟದ ಒತ್ತಡಕ್ಕೆ ಅದು ಸಿಡಿಯುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗುವುದು ಅದಕ್ಕಿಂತ ಅಪಾಯಕಾರಿ. ನಿಮ್ಮ ಹಳೆಯ ಬಾಟಲಿಯಲ್ಲಿ ಮಾತ್ರ ಕಾರ್ಕ್ ಸಡಿಲವಾಗಿದ್ದರೆ ಸ್ವಲ್ಪ ಜಿನುಗಬಹುದು. ಕಾರ್ಕಿನ ಮೇಲಿನ ಮುದ್ರೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಬಾಟಲಿಯನ್ನು ಗಾಳಿಗುಳ್ಳೆಗಳ ಚೀಲದೊಳಗೆ ಮುಚ್ಚಿ, ದಪ್ಪ ಬಟ್ಟೆಗಳಲ್ಲಿ ಸುರುಳಿ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಡಿ. ಗೋಡೆಗೆ ಅಥವಾ ಚಕ್ರಗಳ ಕಡೆಗೆ ತಾಗಬಾರದು. ಇಬ್ಬರ ಬಾಟಲಿಗಳನ್ನೂ ಒಂದೇ ಸೂಟ್‌ಕೇಸಿನಲ್ಲಿ ಇಡಬೇಡಿ.

ಬಂದರುಪ್ರಿಯೆ

ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ನನ್ನ ಪ್ರಯಾಣಗಳಲ್ಲಿ ಮನೆಯಿಂದ ಒಯ್ಯುವುದಕ್ಕಿಂತ ದಾರಿಯ ಬಂದರುಗಳಲ್ಲಿ ವೈನ್ ಕೊಳ್ಳುವುದೇ ನನಗೆ ಹೆಚ್ಚು ಸಂತೋಷ ಕೊಟ್ಟಿದೆ. ತೀರಯಾನಿ ಅವರು ಹೋಗುವ ದಾರಿಯೇ ಅದಕ್ಕೆ ಹೇಳಿಮಾಡಿಸಿದಂತಿದೆ. ಮಾರ್ಸೇಯ ಪೂರ್ವಕ್ಕೆ ಬಾಂದೋಲ್ ಇದೆ, ಮೂರ್ವೆದ್ರ್ ಎಂಬ ದ್ರಾಕ್ಷಿಯಿಂದ ಗಂಭೀರವಾದ ಕೆಂಪು ವೈನನ್ನೂ ಒಳ್ಳೆಯ ರೋಸೇಯನ್ನೂ (ನಸುಗೆಂಪು ವೈನ್) ಮಾಡುತ್ತಾರೆ. ಲಿವೋರ್ನೋದಲ್ಲಿ ಇಳಿದರೆ ಟಸ್ಕನಿಯ ಕಿಯಾಂತಿ ಮತ್ತು ಬೋಲ್ಗೇರಿ, ನೇಪಲ್ಸಿನಲ್ಲಿ ಕಂಪಾನಿಯಾ ಪ್ರಾಂತದ ತೌರಾಸಿ ಮತ್ತು ಫಿಯಾನೋ ಸಿಗುತ್ತವೆ. ಇವನ್ನು ಬೆಳೆದ ನೆಲದಲ್ಲೇ ನಿಂತು ರುಚಿ ನೋಡಿ ಆರಿಸಿಕೊಳ್ಳುವುದು ಬೇರೆಯೇ ಅನುಭವ.

ಆದರೆ ಎಚ್ಚರಿಕೆಯ ಮಾತೊಂದಿದೆ. ಮೊದಲ ದಿನದ ರಿಯಾಯಿತಿ ನಡುವಿನ ಬಂದರುಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ದಡದಿಂದ ತಂದ ಬಾಟಲಿಯನ್ನು ಹಡಗಿನ ಬಾಗಿಲಿನಲ್ಲಿ ಪಡೆದುಕೊಂಡು, ಚೀಟಿ ಕೊಟ್ಟು, ಯಾನದ ಕೊನೆಯ ರಾತ್ರಿ ಅಥವಾ ಇಳಿಯುವ ದಿನ ಬೆಳಿಗ್ಗೆ ಹಿಂದಿರುಗಿಸುವುದು ಬಹಳ ಕಂಪನಿಗಳ ಪದ್ಧತಿ. ಆ ಚೀಟಿಯನ್ನು ಜೋಪಾನವಾಗಿಡಿ. ಕೆಲವು ಕಡೆ ಕಾರ್ಕೇಜ್ ಶುಲ್ಕ ಕಟ್ಟಿದರೆ ಅಂದೇ ಕೈಗೆ ಕೊಡುತ್ತಾರೆ. ಹಾಗಾಗಿ ಬಂದರಿನಲ್ಲಿ ಕೊಳ್ಳುವುದನ್ನು ಮನೆಗೆ ಒಯ್ಯುವುದಕ್ಕೆಂದೇ ಕೊಳ್ಳಿ.

ಕ್ಯಾಬಿನ್ನಿನ ಸಣ್ಣ ಫ್ರಿಜ್ಜಿನ ಮೇಲೆ ಹೆಚ್ಚು ಭರವಸೆ ಬೇಡ. ಅನೇಕ ಹಡಗುಗಳಲ್ಲಿ ಅದು ಪಾನೀಯವನ್ನು ಸ್ವಲ್ಪ ತಂಪಾಗಿಡುವ ಪೆಟ್ಟಿಗೆ ಅಷ್ಟೆ. ಬಿಳಿ ವೈನ್ ಅಥವಾ ಶಾಂಪೇನ್ ಒಯ್ದವರು ಕ್ಯಾಬಿನ್ ನೋಡಿಕೊಳ್ಳುವವರನ್ನು ಕೇಳಿದರೆ ಮಂಜುಗಡ್ಡೆಯ ಬಕೆಟ್ ತಂದುಕೊಡುತ್ತಾರೆ, ಅದರೊಳಗೆ ಅರ್ಧ ಮಂಜುಗಡ್ಡೆ ಅರ್ಧ ನೀರು ತುಂಬಿಸಿ ಬಾಟಲಿಯನ್ನು ಇಪ್ಪತ್ತು ನಿಮಿಷ ಇಟ್ಟರೆ ಸಾಕು.

ತೀರಯಾನಿ

ಇಷ್ಟು ವಿವರವಾಗಿ, ಇಷ್ಟು ಕಾಳಜಿಯಿಂದ ಬರೆದ ನಿಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು. ನಾವು ಕಾಯ್ದಿರಿಸಿರುವ ಹಡಗಿನ ಒಪ್ಪಂದವನ್ನು ನಿನ್ನೆ ರಾತ್ರಿ ಇಬ್ಬರೂ ಕುಳಿತು ಓದಿದೆವು. ವಯಸ್ಕರೊಬ್ಬರಿಗೆ ಒಂದು ಬಾಟಲಿ, ಊಟದ ಸಭಾಂಗಣದಲ್ಲಿ ತೆರೆದರೆ ಕಾರ್ಕೇಜ್ ಶುಲ್ಕ ಎಂದು ಅದರಲ್ಲಿದೆ. ಪತ್ನಿಯ ಪಾಲಿನ ಎರಡನೆಯ ಬಾಟಲಿಯ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ದ್ರಾಕ್ಷಿಬಳ್ಳಿ ಅವರ ಮಾತಿನಂತೆ ಒಂದೇ ಬಾಟಲಿ ಸಾಕೆಂದು ನನಗೆ ಅನಿಸುತ್ತದೆ. ಹಡಗು ಬಾರ್ಸಿಲೋನಾ ಬಿಡುವ ಹೊತ್ತಿಗೆ ಬಾಲ್ಕನಿಯಲ್ಲಿ ಕುಳಿತು ಏನಾದರೂ ತೆರೆಯಬೇಕೆಂದು ಅವಳ ಇಷ್ಟ. ಮೊದಲೇ ಒಂದೇ ಮೊತ್ತ ಕಟ್ಟಿ ಯಾನವಿಡೀ ಕುಡಿಯುವ ಪಾನೀಯಗಳ ಪ್ಯಾಕೇಜನ್ನು ನಾವು ಕೊಂಡಿಲ್ಲ. ಕೊಳ್ಳಬೇಕೇ ಎಂಬ ಪ್ರಶ್ನೆಯೂ ಇದೆ.

ಲೆಕ್ಕದ ಪುಸ್ತಕ

ಪ್ಯಾಕೇಜ್ ಬೇಡ. ಅನೇಕ ಕಂಪನಿಗಳಲ್ಲಿ ಒಂದು ಕ್ಯಾಬಿನ್ನಿನ ಒಬ್ಬ ವಯಸ್ಕರು ಕೊಂಡರೆ ಇನ್ನೊಬ್ಬರೂ ಕೊಳ್ಳಲೇಬೇಕು, ಅದೂ ಯಾನದ ಎಲ್ಲ ದಿನಗಳಿಗೆ. ದಿನಕ್ಕೆ ಒಂದೆರಡು ಗ್ಲಾಸ್ ಕುಡಿಯುವವರು ಆ ಹಣವನ್ನು ಎಂದಿಗೂ ತುಂಬಿಕೊಳ್ಳಲಾರರು. ಪ್ಯಾಕೇಜ್ ಸಾಮಾನ್ಯವಾಗಿ ಗ್ಲಾಸಿನ ಲೆಕ್ಕದಲ್ಲಿ ಇರುತ್ತದೆ, ನಿಮ್ಮ ಬಾಟಲಿಯ ಕಾರ್ಕೇಜ್ ಶುಲ್ಕ ಅದರೊಳಗೆ ಬರುವುದಿಲ್ಲ. ಪ್ಯಾಕೇಜ್ ಕೊಂಡವರು ವೈನ್ ಒಯ್ಯುವುದರಲ್ಲಿ ಅರ್ಥವಿಲ್ಲ, ವೈನ್ ಒಯ್ಯುವವರಿಗೆ ಪ್ಯಾಕೇಜ್ ಬೇಕಾಗುವುದಿಲ್ಲ. ಎರಡನೆಯ ಬಾಟಲಿಯ ವಿಷಯದಲ್ಲಿ ನಾನು ನಿಮ್ಮ ಪತ್ನಿಯವರ ಪಕ್ಷ. ಕ್ಯಾಬಿನ್ನಿನಲ್ಲಿ ತೆರೆಯುವುದಕ್ಕೆ ಶುಲ್ಕವಿಲ್ಲದಿದ್ದರೆ ಆ ಅವಕಾಶವನ್ನು ಏಕೆ ಬಿಡಬೇಕು?

ದ್ರಾಕ್ಷಿಬಳ್ಳಿ

ಇಲ್ಲಿ ನಾನೂ ಅವರನ್ನು ಒಪ್ಪುತ್ತೇನೆ. ಆದರೆ ಎರಡನೆಯದನ್ನು ಮನೆಯಿಂದ ಹೊತ್ತು ತರಬೇಡಿ. ಒಂದು ದಿನ ಮುಂಚೆ ಬಾರ್ಸಿಲೋನಾ ತಲುಪುವುದಾದರೆ ಅಲ್ಲಿಯೇ ಒಂದು ಬಾಟಲಿ ಕಾವಾ, ಅಂದರೆ ಸ್ಪೇನಿನ ನೊರೆಯೇಳುವ ವೈನ್, ಕೊಳ್ಳಿ. ಸ್ಪೇನಿನ ಕಾವಾದಲ್ಲಿ ಬಹುಪಾಲು ತಯಾರಾಗುವುದು ಬಾರ್ಸಿಲೋನಾಕ್ಕೆ ಹತ್ತಿರದ ಪೆನೆದೆಸ್ ಪ್ರದೇಶದಲ್ಲಿ, ಮತ್ತು ಶಾಂಪೇನಿನಂತೆಯೇ ಬಾಟಲಿಯೊಳಗೆ ಎರಡನೆಯ ಬಾರಿ ಹುದುಗಿಸಿ ಅದನ್ನು ಮಾಡುತ್ತಾರೆ. ತೆರೆಯಲು ಕಾರ್ಕ್‌ಸ್ಕ್ರೂ ಬೇಕಾಗುವುದಿಲ್ಲ. ಬಾಟಲಿಯನ್ನು ಓರೆಯಾಗಿ ಹಿಡಿದು, ಕಾರ್ಕನ್ನು ಬಿಗಿಯಾಗಿ ಹಿಡಿದುಕೊಂಡು ಬಾಟಲಿಯನ್ನೇ ತಿರುಗಿಸಿದರೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಬಾಲ್ಕನಿಯ ಹೊರಗೆ ಕಾರ್ಕ್ ಹಾರಿಸಬೇಡಿ, ಕೆಳಗಿನ ಡೆಕ್ಕಿನಲ್ಲಿ ಜನ ಇರುತ್ತಾರೆ.

ನೀಲಿ ನಕ್ಷೆ

ಹಿಂದಿರುಗುವಾಗಿನ ಸುಂಕದ ಬಗ್ಗೆ ಒಂದು ಮಾತು, ಬಂದರುಪ್ರಿಯೆ ಅವರ ಸಲಹೆಯಂತೆ ದಾರಿಯಲ್ಲಿ ವೈನ್ ಕೊಳ್ಳುವ ಎಲ್ಲರಿಗೂ ಅನ್ವಯಿಸುವಂಥದು. ಪ್ರತಿ ದೇಶದ ಮಿತಿಯೂ ಬೇರೆ. ಅಮೆರಿಕಕ್ಕೆ ಮರಳುವವರಿಗೆ ಸಾಮಾನ್ಯವಾಗಿ ಒಂದು ಲೀಟರ್ ಮದ್ಯ ಸುಂಕರಹಿತ, ಬ್ರಿಟನ್ನಿಗೆ ಹೋಗುವವರಿಗೆ 2021ರಿಂದ 18 ಲೀಟರ್ ವೈನ್. ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಹಡಗಿನಿಂದ ಇಳಿಯುವವರು ದೇಶದ ಸುಂಕದ ರಿಯಾಯಿತಿಯ ಒಳಗಿದ್ದರೂ ಆ ರಾಜ್ಯದ ಮದ್ಯ ತೆರಿಗೆಯನ್ನು ಪ್ರತ್ಯೇಕವಾಗಿ ಅಲ್ಲಿಯೇ ಕಟ್ಟಬೇಕು. ಕೊಂಡ ರಸೀದಿಗಳನ್ನು ಒಂದೇ ಲಕೋಟೆಯಲ್ಲಿ ಇರಿಸಿಕೊಂಡು, ಮಿತಿ ಮೀರಿದ್ದರೆ ಘೋಷಿಸಿ ಸುಂಕ ಕಟ್ಟಿಬಿಡಿ. ಹಡಗಿನಲ್ಲಿ ತಡೆದಿಟ್ಟ ಬಾಟಲಿಗಳನ್ನು ಕೊನೆಯ ರಾತ್ರಿಯೇ ಕೊಟ್ಟರೆ ಅವನ್ನು ಆಗಲೇ ಸೂಟ್‌ಕೇಸಿಗೆ ಸೇರಿಸಿ, ಏಕೆಂದರೆ ಮರುದಿನ ಬಂದರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವವರು ಕೈಚೀಲದಲ್ಲಿ ಅವನ್ನು ಒಯ್ಯುವಂತಿಲ್ಲ.

ತೀರಯಾನಿ

ಹಾಗಾದರೆ ತೀರ್ಮಾನವಾಯಿತು. ಬೋರ್ಡೋ ನನ್ನ ಸೂಟ್‌ಕೇಸಿನ ನಡುವೆ ಬರುತ್ತದೆ, ಕಾವಾವನ್ನು ಬಾರ್ಸಿಲೋನಾದಲ್ಲಿ ಅವಳೇ ಆರಿಸುತ್ತಾಳೆ. ಆಸೋ ಸಾಧನಕ್ಕೆ ನಿನ್ನೆಯೇ ಹೇಳಿಕಳುಹಿಸಿದ್ದೇನೆ. ದ್ರಾಕ್ಷಿಬಳ್ಳಿ ಅವರಿಗೆ ಒಂದು ಕೊನೆಯ ಪ್ರಶ್ನೆ. ಕಾರ್ಕ್ ತೆರೆದು ಕೊಡುವ ಸೊಮೆಲಿಯೆಗೆ ನಮ್ಮ ವೈನಿನಲ್ಲಿ ಒಂದಿಷ್ಟನ್ನು ಕೊಡಬೇಕೆಂದು ನಮ್ಮ ಮನಸ್ಸು. ಅದು ಸರಿಯೇ?

ದ್ರಾಕ್ಷಿಬಳ್ಳಿ

ಖಂಡಿತ ಕೇಳಿ, ಅವರಿಗೆ ಅದು ಗೌರವ. ಕೆಲಸದ ವೇಳೆ ಕುಡಿಯಲು ಹೆಚ್ಚಿನ ಹಡಗುಗಳಲ್ಲಿ ಅನುಮತಿ ಇರುವುದಿಲ್ಲ. ಆದರೆ ವೈನ್ ಕೆಟ್ಟಿಲ್ಲವೆಂದು ಪರೀಕ್ಷಿಸಲು ಮೂಸಿ ನೋಡುವುದು ಅವರ ಕೆಲಸದ ಭಾಗವೇ ಆಗಿದ್ದು, ಅಷ್ಟರಲ್ಲೇ ಅವರು ಬಹಳಷ್ಟನ್ನು ತಿಳಿಯುತ್ತಾರೆ. ಆ ರಾತ್ರಿ ಊಟ ಮುಗಿದ ಮೇಲೆ ಕೈಯಲ್ಲಿ ಸ್ವಲ್ಪ ಹಣ ಕೊಡಿ, ಕಾರ್ಕೇಜ್ ಶುಲ್ಕ ಅವರಿಗೇ ಸೇರುತ್ತದೆಂಬ ಖಾತರಿ ಇಲ್ಲ. ಯಾನದ ಕೊನೆಯಲ್ಲಿ ತುಂಬಿಕೊಡುವ ಅಭಿಪ್ರಾಯ ಪತ್ರದಲ್ಲಿ ಅವರ ಹೆಸರನ್ನು ಮರೆಯದೆ ಬರೆಯಿರಿ, ಮೇಲಧಿಕಾರಿಗಳು ಅದನ್ನು ಓದುತ್ತಾರೆ ಮತ್ತು ಮುಂದಿನ ಒಪ್ಪಂದದ ಹೊತ್ತಿಗೆ ಅದು ಲೆಕ್ಕಕ್ಕೆ ಬರುತ್ತದೆ.